ರಿಲೇಯೋ, ಕಾಂಟ್ಯಾಕ್ಟರೋ, ಸೊಲೆನಾಯ್ಡ್ ವಾಲ್ವೋ: ಯಾವ ಕೆಲಸಕ್ಕೆ ಯಾವುದು ಸರಿ?

ತೋಟದ ಸ್ಟಾರ್ಟರ್ ಪೆಟ್ಟಿಗೆ, ವಾಷಿಂಗ್ ಮಷಿನ್‌ಗೆ ನೀರು ಬಿಡುವ ವಾಲ್ವು, ಕಾರಿನ ಹಾರ್ನು, ವೋಲ್ಟೇಜ್ ಏರಿಳಿದಾಗ ಟಕ್ ಟಕ್ ಅನ್ನುವ ಸ್ಟೆಬಿಲೈಸರ್. ಇಷ್ಟರ ಒಳಗೂ ಕೆಲಸ ಮಾಡುವುದು ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್. ಕರೆಂಟು ಹರಿದರೆ ಅದು ಅಯಸ್ಕಾಂತ, ನಿಂತರೆ ಬರೀ ತಂತಿ.

ಕಾಯಿಲ್ ಒಂದೇ ಥರ ಇದ್ದರೂ ಅಂಗಡಿಯಲ್ಲಿ ಅದು ಹತ್ತು ರೂಪದಲ್ಲಿ ಸಿಗುತ್ತದೆ. ಜಾಸ್ತಿ ಜನ ಕಾಯಿಲಿನ ವೋಲ್ಟೇಜ್ ಒಂದನ್ನೇ ನೋಡಿ ಕೊಳ್ಳುತ್ತಾರೆ. ನನ್ನ ಪ್ರಕಾರ ಲೆಕ್ಕ ಶುರುವಾಗಬೇಕಾದ್ದು ಇನ್ನೊಂದು ತುದಿಯಿಂದ. ಆ ಕಡೆ ಏನಿದೆ? ಮೋಟಾರಾ, ಹೀಟರಾ, ನೀರಿನ ಪೈಪಾ, ಬಾಗಿಲಾ? ಅದು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ.

ಎಳೆಯೋದಾ, ಜೋಡಿಸೋದಾ?

ಸೊಲೆನಾಯ್ಡ್ ಅಂದರೆ ಕಾಯಿಲ್, ಅದರ ನಡುವೆ ಜಾರುವ ಕಬ್ಬಿಣದ ಪ್ಲಂಜರ್, ಹಿಂದಕ್ಕೆ ತಳ್ಳಲು ಒಂದು ಸ್ಪ್ರಿಂಗ್. ಕರೆಂಟು ಕೊಟ್ಟರೆ ಪ್ಲಂಜರ್ ಒಳಕ್ಕೆ ಬರುತ್ತದೆ. ಅದರ ತುದಿಗೆ ಏನು ಕಟ್ಟುತ್ತೀರೋ ಅದು ಅಲ್ಲಾಡುತ್ತದೆ. ಡಿಂಗ್ ಡಾಂಗ್ ಕಾಲಿಂಗ್ ಬೆಲ್ಲಿನಲ್ಲಿ ಅದೇ ಪ್ಲಂಜರ್ ಒಂದು ಪಟ್ಟಿಗೆ ಬಡಿದು, ಬಟನ್ ಬಿಟ್ಟಾಗ ವಾಪಸ್ ಬಂದು ಇನ್ನೊಂದು ಪಟ್ಟಿಗೆ ಬಡಿಯುತ್ತದೆ.

ರಿಲೇಯಲ್ಲಿ ಕಾಯಿಲ್ ಎಳೆಯುವುದು ಒಂದು ಸಣ್ಣ ಕಬ್ಬಿಣದ ತುಂಡನ್ನು. ಅದು ಕದಲಿದಾಗ ಎರಡು ಕಾಂಟ್ಯಾಕ್ಟ್ ಪಾಯಿಂಟುಗಳು ಕೂಡುತ್ತವೆ ಅಥವಾ ಬಿಡುತ್ತವೆ. ಕೆರೆಯ ತೂಬಿನ ಹಾಗೆ: ಎತ್ತುವ ಕೈ ಒಂದೇ, ಹರಿಯುವ ನೀರು ಎಕರೆಗಟ್ಟಲೆ. ಕಾಯಿಲಿನ ಕರೆಂಟು ಬೇರೆ, ಪಾಯಿಂಟಿನಲ್ಲಿ ಹರಿಯುವ ಕರೆಂಟು ಬೇರೆ. ಎರಡಕ್ಕೂ ತಂತಿಯ ಸಂಬಂಧವೇ ಇಲ್ಲ. ಹಾಗಾಗಿ 5 ವೋಲ್ಟಿನ ಸರ್ಕ್ಯೂಟು 230 ವೋಲ್ಟನ್ನು ಮುಟ್ಟದೆಯೇ ಆನ್ ಆಫ್ ಮಾಡಬಲ್ಲದು.

ಇದರ ಬೇರು ಹಳೆಯದು. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ವಿದ್ಯುತ್ ಅಯಸ್ಕಾಂತ ಮಾಡಿದ. ಅವನು ಸುತ್ತಿದ್ದು ಹೊದಿಕೆ ಇಲ್ಲದ ತಂತಿ. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೆ ರೇಷ್ಮೆ ಸುತ್ತಿ, ಒತ್ತೊತ್ತಾಗಿ ನೂರಾರು ಸುತ್ತು ಹಾಕಿದ. ಬಲ ಎಷ್ಟೋ ಪಟ್ಟು ಹೆಚ್ಚಿತು. 1835ರ ಸುಮಾರಿಗೆ ದೂರದ ತಂತಿಯಲ್ಲಿ ಬರುವ ಸಣ್ಣ ಕರೆಂಟಿನಿಂದ ಇನ್ನೊಂದು ದೊಡ್ಡ ಸರ್ಕ್ಯೂಟನ್ನು ನಡೆಸಿ ತೋರಿಸಿದ್ದೂ ಅವನೇ. ಟೆಲಿಗ್ರಾಫಿಗೆ ದಾರಿ ಆದದ್ದು ಹೀಗೆ.

ನೀಲಿ ಡಬ್ಬಿ ರಿಲೇ ಎಲ್ಲಿಯವರೆಗೆ ಸಾಕು?

ಸ್ಮಾರ್ಟ್ ಸ್ವಿಚ್ಚು, ವಾಟರ್ ಲೆವೆಲ್ ಕಂಟ್ರೋಲರ್, ಮಕ್ಕಳ ಪ್ರಾಜೆಕ್ಟು, ಎಲ್ಲ ಕಡೆ ಕಾಣುವುದು ಸಕ್ಕರೆ ಅಚ್ಚಿನಷ್ಟಿರುವ ಒಂದು ನೀಲಿ ರಿಲೇ. ಮೇಲೆ 10 ಆಂಪ್, 250 ವೋಲ್ಟ್ ಎಸಿ ಎಂದು ಬರೆದಿರುತ್ತದೆ. ಕಾಯಿಲ್ ಸಾಮಾನ್ಯವಾಗಿ 5 ವೋಲ್ಟಿನದು, ಸುಮಾರು 70 ಓಮ್. ಅಂದರೆ 70 ಮಿಲಿ ಆಂಪಿಯರಿನಷ್ಟು ಎಳೆಯುತ್ತದೆ. ಕಂಟ್ರೋಲರ್ ಚಿಪ್ಪಿನ ಕಾಲಿಗೆ ಇದು ಭಾರ. ನಡುವೆ ಆ ಭಾರ ಹೊರುವ ಒಂದು ಟ್ರಾನ್ಸಿಸ್ಟರ್ ಇರಲೇಬೇಕು.

ಮೂರು ಪಾಯಿಂಟು ಇರುತ್ತವೆ: ಕಾಮನ್, ಎನ್‌ಒ (ನಾರ್ಮಲಿ ಓಪನ್), ಎನ್‌ಸಿ (ನಾರ್ಮಲಿ ಕ್ಲೋಸ್ಡ್). ಕಾಯಿಲಿಗೆ ಕರೆಂಟು ಇಲ್ಲದಾಗ ಕಾಮನ್ ಎನ್‌ಸಿಗೆ ತಾಗಿಕೊಂಡಿರುತ್ತದೆ, ಕರೆಂಟು ಬಂದಾಗ ಎನ್‌ಒಗೆ ಹಾರುತ್ತದೆ. ಕಂಟ್ರೋಲರ್ ಕೆಟ್ಟರೆ ಲೋಡು, ಅಂದರೆ ರಿಲೇ ಓಡಿಸುವ ಸಾಮಾನು, ಆನ್ ಇರಬೇಕಾ, ಆಫ್ ಆಗಬೇಕಾ? ವೈರು ಯಾವ ಪಾಯಿಂಟಿಗೆ ಹೋಗಬೇಕು ಅನ್ನೋದು ಇದರ ಮೇಲೆ. ಪಂಪು, ಹೀಟರ್ ಆದರೆ ಎನ್‌ಒ.

ಈಗ ಆ 10 ಆಂಪಿಗೆ ಬರೋಣ. ಅದು ಹೀಟರಿನಂಥ ಲೋಡಿಗೆ ಕೊಟ್ಟ ಅಂಕಿ. ಮೋಟಾರು ಹಾಗಲ್ಲ. 1 ಎಚ್‌ಪಿ ಸಿಂಗಲ್ ಫೇಸ್ ಪಂಪು ಓಡುವಾಗ 6-7 ಆಂಪ್ ತೆಗೆದುಕೊಂಡರೂ ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಪಾಯಿಂಟುಗಳು ಕೂಡುವಾಗ ಒಂದೆರಡು ಸಲ ಸಣ್ಣಗೆ ಪುಟಿಯುತ್ತವೆ. ಸರಿಯಾಗಿ ಆ ಹೊತ್ತಿಗೆ 30-40 ಆಂಪ್ ಹರಿದರೆ ಬೆಳ್ಳಿ ಮಿಶ್ರಲೋಹದ ತುದಿ ಕರಗಿ ಅಂಟಿಕೊಳ್ಳುತ್ತದೆ. ಆಮೇಲೆ ಕಂಟ್ರೋಲರ್ ಆಫ್ ಅಂದರೂ ಪಂಪು ನಿಲ್ಲುವುದಿಲ್ಲ. ಟ್ಯಾಂಕು ತುಂಬಿ ಹರಿಯುತ್ತಿದ್ದರೂ ಲೆವೆಲ್ ಕಂಟ್ರೋಲರಿನ ದೀಪ ಮಾತ್ರ ಆಫ್ ಎಂದೇ ತೋರಿಸುತ್ತಿರುತ್ತದೆ.

ಒಂದೇ ರಿಲೇಯಲ್ಲಿ ಹತ್ತಿಪ್ಪತ್ತು ಎಲ್‌ಇಡಿ ದೀಪ ಹಾಕಿದರೂ ಹೀಗೆಯೇ ಆಗಬಹುದು. ವ್ಯಾಟ್ ಕಡಿಮೆ ನಿಜ. ಆದರೆ ಪ್ರತಿ ದೀಪದ ಡ್ರೈವರಿನಲ್ಲೂ ಒಂದು ಕ್ಯಾಪಾಸಿಟರ್ ಇರುತ್ತದೆ, ಆನ್ ಆದಾಗ ಎಲ್ಲವೂ ಒಟ್ಟಿಗೆ ಚಾರ್ಜ್ ಆಗುತ್ತವೆ.

ಹಾಗಾಗಿ ಈ ಸಣ್ಣ ರಿಲೇ ಫ್ಯಾನು, ಒಂದೆರಡು ದೀಪ, ಬೆಲ್ಲು, ಇನ್ನೊಂದು ಕಾಯಿಲ್ ಇವಕ್ಕೆ ಚೆನ್ನ. ಪಂಪಿಗೆ ನೇರವಾಗಿ ಬೇಡ. ಅದರಿಂದ ಒಂದು ಕಾಂಟ್ಯಾಕ್ಟರಿನ ಕಾಯಿಲ್ ಓಡಿಸಿ, ಪಂಪನ್ನು ಕಾಂಟ್ಯಾಕ್ಟರ್ ಓಡಿಸಲಿ. ಆ ಕಾಯಿಲಿಗೆ ಅಡ್ಡಲಾಗಿ ಒಂದು ಆರ್‌ಸಿ ಸ್ನಬ್ಬರ್ (ರೆಸಿಸ್ಟರ್, ಕ್ಯಾಪಾಸಿಟರ್ ಜೋಡಿ) ಹಾಕಿದರೆ ಸಣ್ಣ ರಿಲೇಯ ಪಾಯಿಂಟಿನಲ್ಲಿ ಕಿಡಿ ಕಮ್ಮಿಯಾಗುತ್ತದೆ.

ಕಾಂಟ್ಯಾಕ್ಟರ್: ಮೋಟಾರಿಗೆ ಇದೇ

ಕಾಂಟ್ಯಾಕ್ಟರ್ ಅಂದರೆ ಗಟ್ಟಿ ರಿಲೇ. ಮೂರು ಫೇಸಿಗೆ ಮೂರು ಜೊತೆ ಪಾಯಿಂಟು, ಜೊತೆಗೆ ಒಂದು ಸಣ್ಣ ಆಕ್ಸಿಲರಿ ಪಾಯಿಂಟು. ಪ್ರತಿ ಫೇಸೂ ಎರಡು ಕಡೆ ಒಟ್ಟಿಗೆ ಬಿಡುತ್ತದೆ, ಕಿಡಿ ಹಂಚಿಹೋಗಿ ಬೇಗ ಆರುತ್ತದೆ.

ಕೊಳ್ಳುವಾಗ ಮೈಮೇಲೆ ಎರಡು ಅಂಕಿ ಇರುತ್ತವೆ: ಎಸಿ-1 ಮತ್ತು ಎಸಿ-3. ಎಸಿ-1 ಹೀಟರಿಗೆ, ಎಸಿ-3 ಮೋಟಾರಿಗೆ. ಒಂದೇ ಕಾಂಟ್ಯಾಕ್ಟರಿಗೆ ಎಸಿ-1 ಅಂಕಿ ಯಾವಾಗಲೂ ದೊಡ್ಡದು. ಅಂಗಡಿಯವರು ಅದನ್ನೇ ಹೇಳಿಬಿಡುವುದುಂಟು. ಪಂಪಿಗೆ ಎಸಿ-3 ಕೇಳಿ. 5 ಎಚ್‌ಪಿ ಮೂರು ಫೇಸ್ ಮೋಟಾರು 415 ವೋಲ್ಟಿನಲ್ಲಿ ಸುಮಾರು ಏಳೂವರೆ ಆಂಪ್ ತೆಗೆದುಕೊಳ್ಳುತ್ತದೆ. ಲೆಕ್ಕಕ್ಕೆ 9 ಆಂಪಿನದು ಸಾಕು. ಲೈನಿನ ಕೊನೆಯ ತೋಟಗಳಲ್ಲಿ ವೋಲ್ಟೇಜ್ ಬೀಳುತ್ತದೆ, ಆಗ ಕರೆಂಟು ಏರುತ್ತದೆ. ನಾನಾದರೆ 12 ಅಥವಾ 16 ಆಂಪಿನದು ಹಾಕುತ್ತೇನೆ. ಬೆಲೆಯಲ್ಲಿ ವ್ಯತ್ಯಾಸ ಸ್ವಲ್ಪವೇ.

ಹಸಿರು ಬಟನ್ ಒತ್ತಿ ಬಿಟ್ಟ ಮೇಲೂ ಪಂಪು ಓಡುತ್ತಿರುತ್ತದೆ, ಅಲ್ವಾ? ಬಟನ್ ಒತ್ತಿದಾಗ ಕಾಯಿಲ್ ಎಳೆಯುತ್ತದೆ, ಆಕ್ಸಿಲರಿ ಪಾಯಿಂಟು ಕೂಡುತ್ತದೆ, ಆ ಪಾಯಿಂಟಿನ ಮೂಲಕವೇ ಕಾಯಿಲಿಗೆ ಕರೆಂಟು ಸಿಗುತ್ತಿರುತ್ತದೆ. ಕೆಂಪು ಬಟನ್ ಆ ದಾರಿಯನ್ನು ಕಡಿಯುತ್ತದೆ. ಕರೆಂಟು ಹೋದರೂ ಅಷ್ಟೇ, ಹಿಡಿತ ತಪ್ಪಿ ಬಿದ್ದುಬಿಡುತ್ತದೆ. ಕರೆಂಟು ವಾಪಸ್ ಬಂದಾಗ ತಾನಾಗಿ ಹೊರಡುವುದಿಲ್ಲ. ಯಾರೋ ಪೈಪು ಬಿಚ್ಚಿಕೊಂಡು ಕೂತಿರಬಹುದು, ಕೇಬಲ್ ಕೈಯಲ್ಲಿ ಹಿಡಿದಿರಬಹುದು. ಅವರ ಜೀವ ಉಳಿಸುವುದು ಈ ಗುಣ.

ಕರೆಂಟು ಬಂದ ಕೂಡಲೇ ಪಂಪನ್ನು ತಾನಾಗಿ ಹೊರಡಿಸುವ ಆಟೋ ಸ್ಟಾರ್ಟರ್ ಇದನ್ನೇ ತೆಗೆದುಹಾಕುತ್ತದೆ. ರಾತ್ರಿ ಹೊತ್ತು ಮೂರು ಫೇಸ್ ಕೊಟ್ಟರೆ ಎದ್ದು ಹೋಗಿ ಬಟನ್ ಒತ್ತುವ ಕಷ್ಟ ರೈತರಿಗೆ ಗೊತ್ತು, ಹಾವು ಹುಪ್ಪಟೆಯ ಭಯ ಬೇರೆ. ಬೇಡ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಹಾಕುವುದಾದರೆ ಟೈಮರ್ ಇರಲಿ, ಡ್ರೈ ರನ್ (ನೀರಿಲ್ಲದೆ ಓಡುವುದು) ರಕ್ಷಣೆ ಇರಲಿ, ಸಿಂಗಲ್ ಫೇಸಿಂಗ್ (ಒಂದು ಫೇಸ್ ಹೋದರೂ ಓಡುವುದು) ತಡೆಯುವ ರಿಲೇ ಇರಲಿ. ಒಂದು ಟ್ರಾನ್ಸ್‌ಫಾರ್ಮರಿನ ಪಂಪುಗಳೆಲ್ಲ ಕರೆಂಟು ಬಂದ ಅದೇ ಕ್ಷಣ ಹೊರಟರೆ ಆ ಟ್ರಾನ್ಸ್‌ಫಾರ್ಮರ್ ತಡೆದುಕೊಳ್ಳುವುದಿಲ್ಲ. ಟೈಮರಿನಲ್ಲಿ ಒಬ್ಬೊಬ್ಬರು ಒಂದೊಂದು ಹೊತ್ತು ಇಟ್ಟುಕೊಂಡರೆ ಎಲ್ಲರಿಗೂ ಒಳ್ಳೆಯದು. ತೆಲಂಗಾಣದಲ್ಲಿ 2018ರ ಜನವರಿಯಿಂದ ಕೃಷಿಗೆ 24 ಗಂಟೆ ಕರೆಂಟು ಕೊಡಲು ಹೊರಟಾಗ ಸರ್ಕಾರ ಆಟೋ ಸ್ಟಾರ್ಟರ್ ತೆಗೆಯಿರಿ ಎಂದು ರೈತರನ್ನು ಕೇಳಿಕೊಂಡಿತ್ತು. ಇಡೀ ದಿನ ತಾನಾಗಿ ಓಡುವ ಪಂಪು ಅಂತರ್ಜಲವನ್ನು ಬರಿದು ಮಾಡುತ್ತದೆ ಅನ್ನುವ ಭಯ ಅದು.

ಸ್ಟಾರ್ಟರ್ ಗರಗರ ಅನ್ನುತ್ತಿದ್ದರೆ ಸುಮ್ನೆ ಬಿಡಬೇಡಿ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಆ ಹೊತ್ತಲ್ಲೂ ಹಿಡಿತ ಬಿಡದಂತೆ ಅಯಸ್ಕಾಂತದ ಮುಖದಲ್ಲಿ ಒಂದು ತಾಮ್ರದ ಉಂಗುರ ಕೂರಿಸಿರುತ್ತಾರೆ. ಉಂಗುರ ಬಿರುಕು ಬಿಟ್ಟರೆ, ಮುಖದ ಮೇಲೆ ಧೂಳು ಕೂತರೆ, ಇರುವೆ ಹಲ್ಲಿ ಸಿಕ್ಕಿ ಸತ್ತರೆ ಸದ್ದು ಶುರು. ವೋಲ್ಟೇಜ್ ಕಡಿಮೆಯಾದರೂ ಅಷ್ಟೇ. ಕಾಯಿಲ್ ತನ್ನ ವೋಲ್ಟೇಜಿನ ಶೇಕಡ 85ರವರೆಗೆ ಗಟ್ಟಿಯಾಗಿ ಹಿಡಿಯಬೇಕು ಅನ್ನುವುದು ಮಾನದಂಡ. 415ರ ಕಾಯಿಲಿಗೆ ಅದು ಸುಮಾರು 353 ವೋಲ್ಟ್. ಅದಕ್ಕಿಂತ ಇಳಿದರೆ ಹಿಡಿದು ಬಿಟ್ಟು ಹಿಡಿದು ಬಿಟ್ಟು, ಪ್ರತಿ ಸಲ ಮೋಟಾರಿನ ಸ್ಟಾರ್ಟಿಂಗ್ ಕರೆಂಟು ಪಾಯಿಂಟಿನ ಮೇಲೆ ಬೀಳುತ್ತದೆ. ಒಂದೇ ದಿನದಲ್ಲಿ ಪಾಯಿಂಟು ಹೋಗುವುದು ಹೀಗೆ.

ಇನ್ನೊಂದು. ಪಾಯಿಂಟು ಕಪ್ಪಾಗಿದೆ ಎಂದು ಉಪ್ಪುಕಾಗದ ಹಾಕಿ ಉಜ್ಜುವ ಅಭ್ಯಾಸ ಎಲ್ಲೆಡೆ ಇದೆ. ಕಪ್ಪು ಬಣ್ಣದಿಂದ ತೊಂದರೆ ಇಲ್ಲ, ಅದರ ಮೂಲಕ ಕರೆಂಟು ಹರಿಯುತ್ತದೆ. ಉಜ್ಜಿದರೆ ಹೋಗುವುದು ಬೆಳ್ಳಿಯ ಪದರ. ಗುಳಿ ಬಿದ್ದಿದ್ದರೆ ಪಾಯಿಂಟ್ ಸೆಟ್ ಬದಲಿಸಿ.

ಸಾಲಿಡ್ ಸ್ಟೇಟ್ ರಿಲೇ ಯಾವಾಗ?

ಇದರಲ್ಲಿ ಕಾಯಿಲ್ಲೂ ಇಲ್ಲ, ಪಾಯಿಂಟೂ ಇಲ್ಲ. ಒಳಗೆ ಒಂದು ಸಣ್ಣ ಎಲ್‌ಇಡಿ ಬೆಳಗುತ್ತದೆ, ಅದರ ಬೆಳಕಿಗೆ ಎಲೆಕ್ಟ್ರಾನಿಕ್ ಸ್ವಿಚ್ಚಾದ ಟ್ರಯಾಕ್ ಅಥವಾ ಎಸ್‌ಸಿಆರ್ ಕರೆಂಟು ಬಿಡುತ್ತದೆ. ಸದ್ದಿಲ್ಲ, ಸವೆತವಿಲ್ಲ.

ಬೇಕಾ ಬೇಡವಾ ಅನ್ನೋದಕ್ಕೆ ಒಂದು ಲೆಕ್ಕ ಸಾಕು. ಸಣ್ಣ ರಿಲೇಯ ಪಾಯಿಂಟು ಪೂರ್ತಿ ಲೋಡಿನಲ್ಲಿ ಸಾಮಾನ್ಯವಾಗಿ ಒಂದು ಲಕ್ಷ ಸಲ ಬಾಳುತ್ತದೆ. ದಿನಕ್ಕೆ ಎರಡು ಸಲ ಓಡುವ ಪಂಪಿನ ಕಾಂಟ್ಯಾಕ್ಟರನ್ನು ನಡೆಸುವ ರಿಲೇಗೆ ಅದು ನೂರು ವರ್ಷಕ್ಕೂ ಜಾಸ್ತಿ. ಮೊಟ್ಟೆಯಿಂದ ಮರಿ ತೆಗೆಯುವ ಇನ್‌ಕ್ಯುಬೇಟರಿನಲ್ಲಿ ಶಾಖ ಹಿಡಿದಿಡಲು ಹತ್ತು ಸೆಕೆಂಡಿಗೊಮ್ಮೆ ಹೀಟರ್ ಆನ್ ಆಫ್ ಆಗುತ್ತದೆ ಅನ್ನಿ. ದಿನಕ್ಕೆ 8,640 ಸಲ. ಒಂದು ಲಕ್ಷ ಹನ್ನೆರಡು ದಿನದಲ್ಲಿ ಮುಗಿಯುತ್ತದೆ, ಕೋಳಿ ಮೊಟ್ಟೆ ಒಡೆಯಲು ಬೇಕಾದ್ದು 21 ದಿನ. ಇಲ್ಲಿ ಸಾಲಿಡ್ ಸ್ಟೇಟೇ ಸರಿ. ಗಂಟೆಗೆ ಒಂದೆರಡು ಸಲ ಕಡಿಯುವ ಗೀಸರಿಗೆ ಬೇಕಿಲ್ಲ.

ಇದಕ್ಕೂ ತೊಂದರೆಗಳಿವೆ. ಆನ್ ಇದ್ದಾಗ ಒಂದು ವೋಲ್ಟಿಗಿಂತ ಸ್ವಲ್ಪ ಹೆಚ್ಚು ಇದರಲ್ಲೇ ಕಳೆದುಹೋಗುತ್ತದೆ. 10 ಆಂಪ್ ಹರಿದರೆ 12 ವ್ಯಾಟಿನ ಆಸುಪಾಸು ಬಿಸಿ. ಬಿಸಿಯನ್ನು ಹೊರಹಾಕುವ ಅಲ್ಯೂಮಿನಿಯಂ ಹೀಟ್ ಸಿಂಕ್ ಇಲ್ಲದೆ ಸುಟ್ಟುಹೋಗುತ್ತದೆ. ಆಫ್ ಇದ್ದಾಗಲೂ ಕೆಲವು ಮಿಲಿ ಆಂಪಿಯರ್ ಸೋರುತ್ತದೆ, ಎಲ್‌ಇಡಿ ದೀಪ ಮಿಣುಕುತ್ತಲೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯ, ಇದು ಕೆಟ್ಟಾಗ ಹೆಚ್ಚಾಗಿ ಆನ್ ಆಗಿಯೇ ನಿಂತುಬಿಡುತ್ತದೆ. ಹೀಟರಿಗೆ ಹಾಕಿದರೆ ಬೇರೆಯಾಗಿ, ಬಿಸಿ ಮಿತಿಮೀರಿದರೆ ಕರೆಂಟು ಕಡಿಯುವ ಒಂದು ಥರ್ಮಲ್ ಕಟ್‌ಔಟ್ ಕಡ್ಡಾಯ. ಎಸಿಗೆ ಮಾಡಿದ್ದನ್ನು ಡಿಸಿ ಲೋಡಿಗೆ ಹಾಕಬೇಡಿ, ಒಮ್ಮೆ ಆನ್ ಆದದ್ದು ಆಫ್ ಆಗುವುದೇ ಇಲ್ಲ.

ಗಾಡಿಯಲ್ಲಿ, ಸೋಲಾರಿನಲ್ಲಿ

12 ವೋಲ್ಟಿನ ಗಾಡಿಯಲ್ಲಿ ಆಯ್ಕೆ ಸುಲಭ: ನಾಲ್ಕು ಅಥವಾ ಐದು ಕಾಲಿನ ಚೌಕ ರಿಲೇ. ಬ್ಯಾಟರಿಯಿಂದ ಫ್ಯೂಸ್ ಮೂಲಕ 30 ನಂಬರಿನ ಕಾಲಿಗೆ, ಲೋಡು 87ಕ್ಕೆ, ಕಾಯಿಲ್ 85 ಮತ್ತು 86. ಐದನೆಯ ಕಾಲು 87ಎ ಅಂದರೆ ಎನ್‌ಸಿ. 60 ವ್ಯಾಟಿನ ಎರಡು ಹೆಡ್‌ಲೈಟು 10 ಆಂಪ್ ಎಳೆಯುತ್ತವೆ. ಹಳೇ ಗಾಡಿಯಲ್ಲಿ ಇದೆಲ್ಲ ಸಪೂರ ವೈರಿನಲ್ಲಿ ಸ್ವಿಚ್ಚಿನವರೆಗೆ ಹೋಗಿ ಬರುತ್ತದೆ, ದಾರಿಯಲ್ಲೇ ವೋಲ್ಟೇಜ್ ಬಿದ್ದು ಬೆಳಕು ಹಳದಿಯಾಗುತ್ತದೆ. ರಿಲೇ ಹಾಕಿದರೆ ಸ್ವಿಚ್ಚಿನಲ್ಲಿ ಹರಿಯುವುದು 150 ಮಿಲಿ ಆಂಪಿಯರ್ ಅಷ್ಟೇ.

ಸ್ಟಾರ್ಟರ್ ಮೋಟಾರಿನ ಮೇಲೆ ಕೂತಿರುವ ಉರುಟು ಡಬ್ಬಿ ಒಂದೇ ಏಟಿಗೆ ಸೊಲೆನಾಯ್ಡೂ ಹೌದು, ರಿಲೇಯೂ ಹೌದು. ಪ್ಲಂಜರ್ ಎಳೆದಾಗ ಪಿನಿಯನ್ ಗೇರನ್ನು ಫ್ಲೈವೀಲಿಗೆ ತಳ್ಳುತ್ತದೆ, ಕೊನೆಯಲ್ಲಿ ದಪ್ಪ ತಾಮ್ರದ ಪಾಯಿಂಟನ್ನು ಕೂಡಿಸಿ ನೂರಾರು ಆಂಪ್ ಬಿಡುತ್ತದೆ. ಕೀ ತಿರುಗಿಸಿದಾಗ ಟಕಟಕಟಕ ಎಂದು ಒಂದೇ ಸಮ ಬಡಿದರೆ ಮೊದಲು ಬ್ಯಾಟರಿ ಮತ್ತು ಟರ್ಮಿನಲ್ ನೋಡಿ. ಒಂದೇ ಗಟ್ಟಿ ಟಕ್ ಬಂದು ಸುಮ್ಮನಾದರೆ ಸೊಲೆನಾಯ್ಡಿನ ಪಾಯಿಂಟು ಅಥವಾ ಮೋಟಾರು.

ಸೋಲಾರ್ ಪಂಪಿನ ಪ್ಯಾನಲ್ ಕಡೆ ಮಾತ್ರ ಎಸಿ ರಿಲೇ, ಎಸಿ ಕಾಂಟ್ಯಾಕ್ಟರ್ ಯಾವುದನ್ನೂ ಹಾಕಬಾರದು. ಎಸಿಯಲ್ಲಿ ಕಿಡಿ ಹತ್ತಿದರೂ ಕರೆಂಟು ಸೊನ್ನೆಗೆ ಬಂದಾಗ ಆರುತ್ತದೆ. ಡಿಸಿಗೆ ಸೊನ್ನೆಯೇ ಇಲ್ಲ. ನೂರಾರು ವೋಲ್ಟ್ ಡಿಸಿಯಲ್ಲಿ ಪಾಯಿಂಟು ಬಿಟ್ಟ ಮೇಲೂ ಕಿಡಿ ಉರಿಯುತ್ತಲೇ ಇದ್ದು ಪೆಟ್ಟಿಗೆಯನ್ನೇ ಸುಡುತ್ತದೆ. 250 ವೋಲ್ಟ್ ಎಸಿ ಎಂದು ಬರೆದ ರಿಲೇಯ ಮೈಮೇಲೆ ಡಿಸಿಗೆ 30 ವೋಲ್ಟ್ ಎಂದಷ್ಟೇ ಇರುತ್ತದೆ, ನೋಡಿ. ಅಲ್ಲಿ ಡಿಸಿಗೆಂದೇ ಮಾಡಿದ ಸ್ವಿಚ್ಚು, ಎಂಸಿಬಿ ಬೇಕು.

ನೀರಿಗೆ ಯಾವ ವಾಲ್ವು?

ಜಾಸ್ತಿ ದುಡ್ಡು ಹಾಳಾಗುವುದು ಇಲ್ಲಿ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸೊಲೆನಾಯ್ಡ್ ವಾಲ್ವಿನಲ್ಲಿ ಎರಡು ಜಾತಿ. ಡೈರೆಕ್ಟ್ ವಾಲ್ವಿನಲ್ಲಿ ಪ್ಲಂಜರೇ ನೀರಿನ ತೂತನ್ನು ಮುಚ್ಚಿರುತ್ತದೆ. ಒತ್ತಡ ಇಲ್ಲದಿದ್ದರೂ ತೆರೆಯುತ್ತದೆ. ಆದರೆ ಕಾಯಿಲಿನ ಬಲ ಸಾಲದ್ದರಿಂದ ತೂತು ಸಣ್ಣದಿರಬೇಕು. ಆರ್‌ಒ ನೀರಿನ ಫಿಲ್ಟರಿನಂಥ ಸಪೂರ ಪೈಪಿಗೆ ಇದು ಸರಿ.

ಪೈಲಟ್ ವಾಲ್ವು ಜಾಣತನದ್ದು. ಒಳಗೆ ಒಂದು ರಬ್ಬರ್ ಡಯಾಫ್ರಾಂ, ಅದರಲ್ಲಿ ಸೂಜಿ ಹೋಗುವಷ್ಟು ಸಣ್ಣ ತೂತು. ಆ ತೂತಿನಿಂದ ನೀರು ಡಯಾಫ್ರಾಮಿನ ಮೇಲ್ಭಾಗಕ್ಕೆ ಹೋಗಿ, ನೀರಿನ ಒತ್ತಡವೇ ವಾಲ್ವನ್ನು ಅದುಮಿ ಮುಚ್ಚುತ್ತದೆ. ಕಾಯಿಲ್ ಮಾಡುವ ಕೆಲಸ ಇಷ್ಟೇ: ಮೇಲಿನ ನೀರು ಹೊರಹೋಗಲು ಇನ್ನೊಂದು ಸಣ್ಣ ದಾರಿ ತೆರೆಯುವುದು. ಮೇಲಿನ ಒತ್ತಡ ಇಳಿದಾಗ ಕೆಳಗಿನ ನೀರು ಡಯಾಫ್ರಾಮನ್ನು ಎತ್ತುತ್ತದೆ. ಕೆಲವೇ ವ್ಯಾಟಿನ ಕಾಯಿಲ್ ಎರಡು ಇಂಚಿನ ಪೈಪನ್ನು ನಡೆಸುವುದು ಹೀಗೆ. ಡ್ರಿಪ್‌ನ ವಾಲ್ವು, ವಾಷಿಂಗ್ ಮಷಿನ್ನಿನ ವಾಲ್ವು ಎರಡೂ ಈ ಜಾತಿ.

ಕೆಲಸ ನೀರಿನ ಒತ್ತಡದಿಂದಲೇ ಆಗುವುದರಿಂದ ಒತ್ತಡ ಇರಲೇಬೇಕು. ಹೆಚ್ಚಿನವಕ್ಕೆ 0.3ರಿಂದ 0.5 ಬಾರ್ ಆದರೂ ಬೇಕು. 10 ಮೀಟರ್ ಎತ್ತರದ ನೀರು ಅಂದರೆ 1 ಬಾರ್. ನಲ್ಲಿಗಿಂತ ಎರಡು ಮೀಟರ್ ಮೇಲಿರುವ ಟ್ಯಾಂಕಿನಿಂದ ಸಿಗುವುದು ಬರೀ 0.2. ಮೇಲಿನ ಮಹಡಿಯಲ್ಲಿ ವಾಷಿಂಗ್ ಮಷಿನ್ ಇಟ್ಟವರಿಗೆ ನೀರು ತುಂಬಲು ಹೊತ್ತು ಹಿಡಿಯುವುದು, ಮಷಿನ್ ಎರರ್ ತೋರಿಸುವುದು ಬಹಳ ಸಲ ಇದರಿಂದಲೇ. ಟ್ಯಾಂಕಿನ ಲೈನಿಗೆ ಪೈಲಟ್ ವಾಲ್ವು ತಂದರೆ ಪೂರ್ತಿ ತೆರೆಯುವುದಿಲ್ಲ, ಸರಿಯಾಗಿ ಮುಚ್ಚುವುದೂ ಇಲ್ಲ. ಸೊನ್ನೆ ಒತ್ತಡದಲ್ಲೂ ಕೆಲಸ ಮಾಡುವ ವಾಲ್ವು ಎಂದು ಬಿಡಿಸಿ ಕೇಳಬೇಕು, ಇಲ್ಲವೇ ಮೋಟಾರಿನ ಬಾಲ್ ವಾಲ್ವು ತರಬೇಕು.

ಮೋಟಾರ್ ಬಾಲ್ ವಾಲ್ವಿನ ಬಗ್ಗೆ ನನಗೆ ಒಲವು ಜಾಸ್ತಿ. ತೆರೆಯಲು ಐದು ಹತ್ತು ಸೆಕೆಂಡು ಬೇಕು ನಿಜ. ಆದರೆ ಒತ್ತಡದ ಹಂಗಿಲ್ಲ, ಕಸಕ್ಕೆ ಬೇಗ ಕಟ್ಟಿಕೊಳ್ಳುವುದಿಲ್ಲ, ತೆರೆದಿಡಲು ಕರೆಂಟು ಬೇಡ. ನಿಧಾನ ಮುಚ್ಚುವುದರಿಂದ ಪೈಪಿನಲ್ಲಿ ಢಬ್ ಎಂದು ನೀರು ಬಡಿಯುವುದೂ ಇಲ್ಲ. ಕೊರತೆ ಒಂದಿದೆ. ತೆರೆದಿರುವಾಗ ಕರೆಂಟು ಹೋದರೆ ಸಾಮಾನ್ಯ ಬಾಲ್ ವಾಲ್ವು ತೆರೆದೇ ಉಳಿಯುತ್ತದೆ, ಸೊಲೆನಾಯ್ಡ್ ವಾಲ್ವು ತಾನಾಗಿ ಮುಚ್ಚಿಕೊಳ್ಳುತ್ತದೆ. ಗ್ಯಾಸಿಗೆ ಸೊಲೆನಾಯ್ಡನ್ನೇ ಬಳಸುವುದು ಈ ಕಾರಣಕ್ಕೆ.

ಡ್ರಿಪ್ ತೋಟಕ್ಕೆ ಇನ್ನೊಂದು ಆಯ್ಕೆ ಇದೆ. 24 ವೋಲ್ಟ್ ಎಸಿ ವಾಲ್ವಿಗೆ ತೆರೆದಿರುವಷ್ಟು ಹೊತ್ತೂ ಕರೆಂಟು ಬೇಕು, ವೈರು ಎಳೆಯಬೇಕು. ಲ್ಯಾಚಿಂಗ್ ವಾಲ್ವಿನಲ್ಲಿ ಕಾಯಂ ಅಯಸ್ಕಾಂತ ಒಂದು ಸೇರಿರುತ್ತದೆ. ಒಂದು ಕ್ಷಣದ ಪಲ್ಸ್ ಕೊಟ್ಟರೆ ತೆರೆದು ಹಾಗೇ ನಿಲ್ಲುತ್ತದೆ, ಉಲ್ಟಾ ಪಲ್ಸ್ ಕೊಟ್ಟರೆ ಮುಚ್ಚುತ್ತದೆ. 9 ವೋಲ್ಟಿನ ಬ್ಯಾಟರಿ ಒಂದು ಹಂಗಾಮು ದೂಡಬಹುದು. ಕರೆಂಟು ನೆಚ್ಚಲಾಗದ ತೋಟಕ್ಕೆ ನನ್ನ ಆಯ್ಕೆ ಇದು.

ಯಾವುದನ್ನೇ ಹಾಕಿದರೂ ನೀರು ವಾಲ್ವಿಗೆ ಬರುವ ಕಡೆ ಫಿಲ್ಟರ್ ಇರಲಿ. ಬೋರ್‌ವೆಲ್ಲಿನ ಮರಳಿನ ಒಂದು ಕಾಳು ಆ ಸೂಜಿ ತೂತಿಗೆ ಸಿಕ್ಕಿದರೆ ವಾಲ್ವು ಮುಚ್ಚುವುದೇ ಇಲ್ಲ. ಮೈಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇರಬೇಕು. ಪಂಪು ಓಡುತ್ತಿರುವಾಗ ಮುಂದಿನ ಪ್ಲಾಟಿನ ವಾಲ್ವು ತೆರೆದ ಮೇಲೆಯೇ ಹಿಂದಿನದು ಮುಚ್ಚುವಂತೆ ಟೈಮರ್ ಇಡಿ. ಎಲ್ಲ ಒಟ್ಟಿಗೆ ಮುಚ್ಚಿದರೆ ಪೈಪು ಒಡೆಯುತ್ತದೆ.

ಬಾಗಿಲಿಗೆ

ಸೊಲೆನಾಯ್ಡ್ ಬೋಲ್ಟ್ ಕರೆಂಟು ಬಂದಾಗ ತೆರೆಯುತ್ತದೆ, ಮ್ಯಾಗ್ನೆಟಿಕ್ ಲಾಕ್ ಕರೆಂಟು ಹೋದಾಗ ತೆರೆಯುತ್ತದೆ. ಬೀರು, ಗೋದಾಮಿಗೆ ಮೊದಲನೆಯದು. ಜನ ಇರುವ ಪಿಜಿ, ಆಫೀಸು, ಆಸ್ಪತ್ರೆಯ ಹೊರಬಾಗಿಲಿಗೆ ಎರಡನೆಯದು, ಜೊತೆಗೆ ಒಳಗಿನಿಂದ ಲಾಕಿನ ಕರೆಂಟನ್ನು ನೇರವಾಗಿ ಕಡಿಯುವ ಬಟನ್. ಬೆಂಕಿ ಬಿದ್ದಾಗ ಬಾಗಿಲು ತೆರೆಯದಿದ್ದರೆ ಆಗುವ ಅನಾಹುತದ ಮುಂದೆ ಕಳ್ಳತನ ಸಣ್ಣ ವಿಷಯ. ಅಗ್ಗದ 12 ವೋಲ್ಟ್ ಬೋಲ್ಟುಗಳು ಕೆಲವೇ ಸೆಕೆಂಡು ಎಳೆಯಲು ಮಾಡಿದವು. ಗಂಟೆಗಟ್ಟಲೆ ಆನ್ ಇಟ್ಟರೆ ಕಾಯಿಲ್ ಸುಟ್ಟ ವಾಸನೆ ಬರುತ್ತದೆ.

ಕೊನೆಗೆ ಕಾಯಿಲ್

ಲೋಡು ಗೊತ್ತಾದ ಮೇಲೆ ಕಾಯಿಲಿನ ವೋಲ್ಟೇಜ್ ಹೇಳಿ, ಎಸಿಯೋ ಡಿಸಿಯೋ ಅನ್ನೋದನ್ನೂ ಹೇಳಿ. ಡಿಸಿ ಕಾಯಿಲಿನ ಕರೆಂಟನ್ನು ತಂತಿಯ ಓಮ್ ಒಂದೇ ತಡೆಯುತ್ತದೆ, ಪ್ಲಂಜರ್ ಎಲ್ಲಿದ್ದರೂ ಕರೆಂಟು ಅಷ್ಟೇ. ಎಸಿ ಕಾಯಿಲಿನಲ್ಲಿ ಪ್ಲಂಜರ್ ಪೂರ್ತಿ ಒಳಬಂದಾಗ ಮಾತ್ರ ಕರೆಂಟು ಇಳಿಯುತ್ತದೆ. ತುಕ್ಕು ಹಿಡಿದು ಅರ್ಧಕ್ಕೆ ಸಿಕ್ಕಿಕೊಂಡರೆ ಕರೆಂಟು ಇಳಿಯದೆ ಕಾಯಿಲ್ ಸುಡುತ್ತದೆ. 24 ವೋಲ್ಟ್ ಎಸಿ ವಾಲ್ವಿಗೆ 24 ವೋಲ್ಟ್ ಡಿಸಿ ಅಡಾಪ್ಟರ್ ಹಾಕಿದರೂ ಅದೇ ಗತಿ.

ಡಿಸಿ ಕಾಯಿಲ್ ಆಫ್ ಆಗುವಾಗ ಉಲ್ಟಾ ದಿಕ್ಕಿನಲ್ಲಿ ನೂರಾರು ವೋಲ್ಟ್ ಚಿಮ್ಮುತ್ತದೆ, ಟ್ರಾನ್ಸಿಸ್ಟರ್ ಹೋಗುವುದು ಅದರಿಂದ. ಕಾಯಿಲಿಗೆ ಅಡ್ಡಲಾಗಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡ್ ಹಾಕಿ, ಗೀರು ಇರುವ ತುದಿ ಪ್ಲಸ್ ಕಡೆ. ಒಂದೆರಡು ರೂಪಾಯಿಯ ಸಾಮಾನು. ಲ್ಯಾಚಿಂಗ್ ವಾಲ್ವಿಗೆ ಮಾತ್ರ ಹಾಗೆ ಒಂದೇ ಡಯೋಡ್ ಹಾಕಬೇಡಿ, ಮುಚ್ಚಲು ಕೊಡುವ ಉಲ್ಟಾ ಪಲ್ಸ್ ಡಯೋಡಿನಲ್ಲೇ ಹರಿದುಹೋಗುತ್ತದೆ.